ದೊಡ್ಡವರೆದುರು ಕಾಲು ಚಾಚಿ

ಜೂನ್ ೩, ಸೋಮವಾರ

ಡಾಕ್ಟರು ಎಡಪಾದ ಮೇಲೆತ್ತಮ್ಮ ಎಂದರು. ಎತ್ತಿದೆ. ತೊಡೆ ಬಂತು, ಮಂಡಿ ಬಂತು, ಪಾದ ಮಾತ್ರ ಮುನಿಸಿಕೊಂಡ ಬೀಗರ ಹಾಗೆ ಜೋತುಬಿದ್ದಿತ್ತು. ಅವರು ಪಾದದ ಮೇಲೆ ಹತ್ತಿಯಿಂದ ಸವರಿದರು. ಸವರಿದ್ದು ಕಣ್ಣಿಗೆ ಕಂಡಿತು, ಕಾಲಿಗೆ ಗೊತ್ತಾಗಲಿಲ್ಲ.

ಮಂಡಿಯ ಹೊರಮಗ್ಗುಲಲ್ಲಿ ಚರ್ಮದ ಅಡಿಯಲ್ಲೇ ಒಂದು ನರ ಹಾದುಹೋಗುತ್ತದಂತೆ. ಪಾದವನ್ನು ಮೇಲೆತ್ತುವ ಕೆಲಸ ಅದರದ್ದು. ಅದು ಬಹಳ ಹೊತ್ತು ಅದುಮಿಹೋಗಿದೆ. ಎಲ್ಲಾದರೂ ಬಿದ್ದೆಯಾ, ಏಟಾಯಿತಾ ಎಂದು ಕೇಳಿದರು. ಇಲ್ಲ, ಕೂತಿದ್ದೆ ಎಂದೆ.

ಕೂತದ್ದು ಶನಿವಾರ, ರಾಮಕೃಷ್ಣನಗರದ ವೇದವತಿ ದೊಡ್ಡಮ್ಮನ ಮನೆಯ ಪಾರಾಯಣದಲ್ಲಿ. ಮಂಡಿ ಮಡಚಿ, ಹಿಮ್ಮಡಿಯ ಮೇಲೆ, ವಜ್ರಾಸನದಲ್ಲಿ. ಉಳಿದ ಹೆಂಗಸರು ಆ ಕಡೆ ಈ ಕಡೆ ವಾಲುತ್ತಿದ್ದರು. ದೇವರ ಮುಂದೆ ಕಾಲು ಚಾಚುವ ಹಾಗಿಲ್ಲವಲ್ಲ. ನಮ್ಮ ಶರಣ್ಯನ್ನ ನೋಡಿ, ಅಲುಗಾಡಲ್ಲ, ಎಂದು ದೊಡ್ಡಮ್ಮ ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅದು ಬಿದ್ದ ಮೇಲೆ ಮಂಗಳಾರತಿಯ ತನಕ ಅಲುಗಾಡಲಿಲ್ಲ. ನಡುವೆ ಜೋಮು ಹಿಡಿಯಿತು. ನಮ್ಮ ಯೋಗದ ಸುಂದರೇಶ ಸರ್ ಹೈಸ್ಕೂಲಿನ ದಿನಗಳಿಂದ ಹೇಳಿಕೊಟ್ಟ ಮಾತಿದೆ: ಜೋಮು ಅದರ ಪಾಡಿಗೆ ಬರಲಿ, ನೀವು ನಿಮ್ಮ ಪಾಡಿಗೆ ಕೂತಿರಿ. ಆಮೇಲೆ ಜೋಮೂ ಹೋಯಿತು. ಗೆದ್ದೆ ಎಂದುಕೊಂಡೆ. ಎದ್ದು ಹೊರಟವಳು ಅಡುಗೆಮನೆ ಹೊಸಿಲಿಗೆ ಎಡವಿ ಬಿದ್ದೆ.

ಈಚೆಗೆ ತೂಕ ಇಳಿದಿದೆಯಾ ಎಂದೂ ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ಸಂಕ್ರಾಂತಿಯಿಂದ ಇಳಿಸುತ್ತಲೇ ಇದ್ದೆ. ಸಣ್ಣಗಾದಾಗ ಆ ನರದ ಸುತ್ತ ಇರುವ ಮೆತ್ತೆಯೂ ಕರಗುತ್ತದೆ, ಅದರ ಮೇಲೆ ಹೀಗೆ ಕೂತರೆ ಕಥೆ ಮುಗಿಯಿತು ಎಂದರು.

ವಾರಗಳಾಗಬಹುದು, ತಿಂಗಳುಗಳಾಗಬಹುದು. ನನಗೇನೂ ಅನ್ನಿಸಲಿಲ್ಲ. ವಾಪಸ್ಸು ಬರುವಾಗ ಅಮ್ಮನೇ ಆಟೋದಲ್ಲಿ ಅತ್ತಳು.

ಜೂನ್ ೪

ಬ್ಯಾಂಕಿನವರು ಕೊಟ್ಟ ಡೈರಿ ಇದು. ನಿನ್ನೆಯ ತನಕ ಖಾಲಿ ಇತ್ತು. ಯಾರಿಗೂ ಏನೂ ಹೇಳಬೇಕೆನ್ನಿಸದಿದ್ದಾಗ ಬರೆಯುವುದು ಸುಲಭ.

ಕೀರ್ತಿಗೆ ಫೋನ್ ಮಾಡಿದೆ. ನಾವಿಬ್ಬರೂ ಜೋಡಿ. ಯೋಗಾಸನ ಸ್ಪರ್ಧೆಯಲ್ಲಿ ರಿದಮಿಕ್ ಪೇರ್ ಎನ್ನುತ್ತಾರೆ: ಇಬ್ಬರು, ಒಂದೇ ಸಂಗೀತ, ಒಂದೇ ಆಸನ, ಒಂದೇ ಉಸಿರು. ಇಬ್ಬರೂ ನೋಡಲು ಒಂದೇ ಥರ ಇದ್ದರೆ ಚೆಂದ. ಕೀರ್ತಿ ಹುಟ್ಟಾ ಸಣಕಲು. ಅದಕ್ಕೇ ನಾನು ಅನ್ನ ಬಿಟ್ಟದ್ದು.

ಜುಲೈ ೨೮ಕ್ಕೆ ರಾಜ್ಯ ತಂಡದ ಆಯ್ಕೆ. ಕೀರ್ತಿಗೆ ಇದು ಕಡೆಯ ವರ್ಷ, ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಆಯ್ಕೆಯಾಗಿ ನ್ಯಾಷನಲ್ಸ್‌ಗೆ ಹೋದರೆ ಆ ಸರ್ಟಿಫಿಕೇಟಿನ ಮೇಲೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದು. ಅವಳ ಅಪ್ಪ ಚಿಕ್ಕಬಸವಯ್ಯನವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಡಿಪೋದಲ್ಲಿ ಎಲ್ಲರಿಗೂ ಆಗಲೇ ಮಗಳಿಗೆ ಕೆಲಸವಾದಂತೆಯೇ ಹೇಳಿಕೊಂಡಿದ್ದಾರೆ.

ವಿಷಯ ಹೇಳಿದೆ.  ನೋವಿದೆಯಾ ಎಂದಳು. ಇಲ್ಲ ಎಂದೆ. ನೋವಿಲ್ಲದಿದ್ದರೆ ಮತ್ತೇನು ಎಂದಳು. 

ಜೂನ್ ೮

ಸರ್ ಹತ್ತಿರ ಹೋಗಿದ್ದೆ. ನನ್ನ ಜಾಗಕ್ಕೆ ಸಿಂಚನಾ. ಪಿಯುಸಿ ಹುಡುಗಿ, ದಾರದಂತೆ ಇದ್ದಾಳೆ, ಬೆನ್ನು ಹೇಗೆ ಬೇಕಾದರೂ ಬಾಗುತ್ತದೆ. ಸರಿ ಸರ್ ಎಂದೆ. ಇಷ್ಟು ಸಲೀಸಾಗಿ ಸರಿ ಎನ್ನುತ್ತೇನೆಂದು ಅವರೂ ಅಂದುಕೊಂಡಿರಲಿಲ್ಲವೇನೋ, ಕಾಫಿ ಕುಡಿದು ಹೋಗು ಎಂದರು. ಕುಡಿದೆ.

ಜೂನ್ ೧೫, ಶನಿವಾರ

ಮಂಡಿ ಮೊಹಲ್ಲಾಕ್ಕೆ ಹೋಗಿ ಹೊಸ ಚಪ್ಪಲಿ ತಂದೆವು. ಹಳೆಯದು ನಿಲ್ಲುವುದಿಲ್ಲ. ಪಾದದ ಮೇಲ್ಭಾಗ ಸತ್ತಿರುವುದರಿಂದ ಪಟ್ಟಿ ಜಾರಿದ್ದು ತಿಳಿಯುವುದಿಲ್ಲ, ಅಂಗಾಲಿಗೆ ನೆಲ ಸುಟ್ಟಾಗ ಗೊತ್ತಾಗುತ್ತದೆ. ಮೆಣಸಿನಕಾಯಿ ಮೂಟೆ ಇಳಿಸುತ್ತಿದ್ದವರೊಬ್ಬರು ಹಿಂದಿನಿಂದ ಕೂಗಿದರು: ಅಕ್ಕಾ, ಚಪ್ಪಲಿ ಬುಟ್ಬುಟ್ರಿ. ಅಮ್ಮ ಓಡಿಹೋಗಿ ತಂದು, ಆ ಜನದ ನಡುವೆ ಬಗ್ಗಿ ತೊಡಿಸಿದಳು. ಅಮ್ಮ ಕಾಲು ಮುಟ್ಟಿದಳಲ್ಲ ಎಂದು ಕಸಿವಿಸಿಯಾಗಬೇಕಿತ್ತು. ಮುಟ್ಟಿದ್ದೂ ತಿಳಿಯಲಿಲ್ಲ.

ಹೊಸದು ಶಾಲೆ ಮಕ್ಕಳ ಥರದ್ದು, ಹಿಮ್ಮಡಿಗೆ ಪಟ್ಟಿ ಇದೆ. ಹಳೆಯದನ್ನು ಎಸೆಯಲು ಹೊರಟ ಅಮ್ಮನಿಂದ ಕಿತ್ತುಕೊಂಡೆ. ಕಂದು ಬಣ್ಣದ್ದು. ಹೋದ ವರ್ಷ ಕೀರ್ತಿಯೂ ನಾನೂ ಒಂದೇ ಅಂಗಡಿಯಲ್ಲಿ ಒಂದೇ ಥರದ್ದು ತೆಗೆದುಕೊಂಡಿದ್ದೆವು.

ಜೂನ್ ೨೪

ಫಿಸಿಯೋಥೆರಪಿ. ರವಿಚಂದ್ರ ಎಂದು ಅವರ ಹೆಸರು. ಕಾಲಿಗೆ ಕರೆಂಟ್ ಕೊಡುತ್ತಾರೆ. ಕರೆಂಟ್ ಕೊಟ್ಟಾಗ ಪಾದ ಏಳುತ್ತದೆ, ತೆಗೆದರೆ ಬೀಳುತ್ತದೆ. ನನ್ನ ಕಾಲು, ಕರೆಂಟಿನ ಮಾತು ಕೇಳುತ್ತದೆ.

ಹಿಮ್ಮಡಿಯ ಮೇಲೆ ನಡೆಯಿರಿ, ಮುಂಗಾಲು ಎತ್ತಿ ಎಂದರು. ಬಲಗಾಲು ನಿಂತಿತು. ಎಡಗಾಲು ಪಟ್ ಎಂದು ನೆಲಕ್ಕೆ ಬಡಿಯಿತು. ಈ ನರಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ ಎಂದರು. ಎಷ್ಟೋ ಜನ ಮೊದಲು ಚಪ್ಪಲಿ ಸಡಿಲ ಎಂದುಕೊಳ್ಳುತ್ತಾರಂತೆ. ಆಗಲೇ ಬಂದು, ಮಂಡಿ ಮಡಚಿ ಕೂರುವುದನ್ನು ನಿಲ್ಲಿಸಿದರೆ ಬೇಗ ಸರಿಹೋಗುತ್ತದಂತೆ.

ನಾನು ಹಾಗೆ ಎಂದುಕೊಳ್ಳುವ ಸಂದರ್ಭವೇ ಬರಲಿಲ್ಲ. ನನ್ನದು ಒಂದೇ ಏಟಿಗೆ ಹೋಯಿತು.

ಜುಲೈ ೨

ಏನೂ ಇಲ್ಲ.

ಜುಲೈ ೭, ಭಾನುವಾರ

ಸರ್ ಫೋನ್ ಮಾಡಿ ಬಾ ಎಂದರು. ಸಿಂಚನಾಗೆ ಬೆನ್ನು ಬಾಗುತ್ತದೆ, ಉಸಿರು ಕೂಡುತ್ತಿಲ್ಲವಂತೆ. ಕೀರ್ತಿಯ ಉಸಿರು ನಿನಗೆ ಗೊತ್ತು, ಕೂತು ನೋಡು ಎಂದರು.

ನನಗೆ ಕುರ್ಚಿ ಹಾಕಿದ್ದರು. ಯೋಗದ ಹಾಲ್‌ನಲ್ಲಿ ಸರ್ ನೆಲದ ಮೇಲೆ, ಅವರ ಹಿಂದೆ ಅವರ ಗುರುಗಳ ಫೋಟೋ, ನಾನು ಕುರ್ಚಿಯ ಮೇಲೆ. ಸಿಂಹಾಸನ ಸಿಕ್ಕಿದೆ, ರಾಜ್ಯ ಹೋಗಿದೆ. ನಾನಿದ್ದ ಜಾಗದಲ್ಲಿ ಇನ್ನೊಬ್ಬಳು ಬಾಗುವುದನ್ನು ನೋಡಿದೆ. ಹೊಟ್ಟೆ ಉರಿಯುತ್ತದೆ ಎಂದು ಕಾದೆ. ಉರಿಯಲಿಲ್ಲ. ಯಾರದೋ ಮನೆಯ ಮದುವೆ ವೀಡಿಯೋ ನೋಡಿದಂತಿತ್ತು.

ಕೀರ್ತಿ ಹಿಂದಕ್ಕೆ ಬಾಗುವ ಮೊದಲು ಅರ್ಧ ಉಸಿರು ಬಿಡುತ್ತಾಳೆ, ಪೂರ್ತಿ ಅಲ್ಲ. ಅದು ಸಿಂಚನಾಗೆ ಗೊತ್ತಿಲ್ಲ. ಹೇಳಿಕೊಟ್ಟೆ. ಎರಡನೆಯ ಸಲ ಪರವಾಗಿಲ್ಲ.

ಜುಲೈ ೧೩

ಈಗ ವಾರಕ್ಕೆ ಮೂರು ಸಲ ಹೋಗುತ್ತಿದ್ದೇನೆ. ಮನೆಯಲ್ಲಿ ಕೂತು ಕಾಲು ನೋಡುವುದಕ್ಕಿಂತ ವಾಸಿ.

ಕೀರ್ತಿಯ ಕೊರಳ ಮೂಳೆ ಎದ್ದು ಕಾಣುತ್ತಿದೆ. ಅವಳ ತಾಯಿ ಸಿದ್ದಲಿಂಗಮ್ಮನವರು ಕಟ್ಟಿಕೊಟ್ಟ ಡಬ್ಬಿಯನ್ನು ಸಿಂಚನಾ ಮುಂದೆ ತಳ್ಳಿ, ತಿನ್ನು, ನಂಗೆ ಸೇರಲ್ಲ ಎಂದಳು. ಅಕ್ಕಿರೊಟ್ಟಿ ಇತ್ತು. ಅಕ್ಕಿರೊಟ್ಟಿ ಸೇರದ ಕೀರ್ತಿಯನ್ನು ನಾನು ಇದುವರೆಗೆ ಕಂಡಿಲ್ಲ. ಸಿಂಚನಾ ಪಕ್ಕ ಸರಿಹೊಂದಬೇಕಲ್ಲ. ನಾನು ಇವಳಿಗಾಗಿ ಇಳಿದೆ, ಇವಳು ಅವಳಿಗಾಗಿ ಇಳಿಯುತ್ತಿದ್ದಾಳೆ.

ಅಭ್ಯಾಸ ಮುಗಿದ ಮೇಲೂ ಸರ್ ಮಾತಾಡುವಷ್ಟು ಹೊತ್ತು ಎಲ್ಲರೂ ವಜ್ರಾಸನದಲ್ಲೇ ಇರುತ್ತಾರೆ. ಮೊದಲಿಂದಲೂ ಹಾಗೇ. ಸರ್ ಮಾತಿಗೆ ಕೊನೆ ಇಲ್ಲ. ಮೊದಲು ನನಗಿದು ಕಂಡಿರಲಿಲ್ಲ, ಕುರ್ಚಿಯ ಮೇಲಿಂದ ಕಾಣುತ್ತದೆ.

ಜುಲೈ ೧೬, ಮಂಗಳವಾರ

ಹಾಲ್ ಇರುವುದು ಮಹಡಿಯ ಮೇಲೆ. ಇಳಿಯುವಾಗ ನಾನು ಕಂಬಿ ಹಿಡಿದು ಹಿಂದೆ ಇದ್ದೆ, ಕೀರ್ತಿ ಮುಂದೆ. ಅವಳ ಎಡಗಾಲಿನ ಚಪ್ಪಲಿ ಮೆಟ್ಟಿಲ ಮೇಲೆ ಉಳಿಯಿತು. ಅವಳು ಮುಂದಿನ ಮೆಟ್ಟಿಲಿಗೆ ಹೋದಳು, ಅದರ ಮುಂದಿನದಕ್ಕೂ ಹೋದಳು. ಆಮೇಲೆ ನಿಂತು, ತಿರುಗಿ ಬಂದು ಮೆಟ್ಟಿಕೊಂಡಳು. ಹೊಸಾ ಚಪ್ಲಿ, ಸಡ್ಲ ಎಂದಳು.

ಹೊಸದಲ್ಲ. ಕಂದು ಬಣ್ಣದ್ದು.

ಜುಲೈ ೧೭

ಸುಮ್ಮನೆ ಅನುಮಾನ ಇರಬಹುದು. ಕುಂಟಿಗೆ ಊರೆಲ್ಲ ಕುಂಟಿಯರೇ ಕಾಣುತ್ತಾರೇನೋ. ಚಪ್ಪಲಿ ಯಾರ ಕಾಲಿನಿಂದಲೂ ಜಾರುತ್ತದೆ.

ಆದರೆ ಇವತ್ತು ಅವಳು ನೀರು ಕುಡಿಯಲು ಹೋಗುವಾಗ ಕಣ್ಣು ಮುಚ್ಚಿ ಬರೀ ಸದ್ದು ಕೇಳಿದೆ. ಒಂದು ಹೆಜ್ಜೆ ಮೆತ್ತಗೆ, ಒಂದು ಹೆಜ್ಜೆ ಪಟ್. ಮನೆಯಲ್ಲಿ ದಿನಾ ಕೇಳುವ ಸದ್ದು ಅದು, ನನ್ನದೇ.

ಹೇಳಿದರೆ ಅವಳ ಆಯ್ಕೆ ಹೋಯಿತು. ಸರ್ ಬಿಡುವುದಿಲ್ಲ, ಅವಳ ಅಪ್ಪನೂ ಬಿಡುವುದಿಲ್ಲ. ಕೆಲಸವೂ ಹೋಯಿತು. ಮೇಲಾಗಿ ಹೇಳುವವಳು ಯಾರು? ಜಾಗ ಕಳೆದುಕೊಂಡು ಕುರ್ಚಿಯಲ್ಲಿ ಕೂತವಳು. ನಾನೇ ಆ ಕಡೆ ಇದ್ದಿದ್ದರೆ ನನ್ನ ಮಾತು ನಂಬುತ್ತಿರಲಿಲ್ಲ.

ಹೇಳದಿದ್ದರೆ ಆಯ್ಕೆ ಮುಗಿಯುವ ತನಕ ಅವಳು ಹಾಗೇ ಕೂರುತ್ತಾಳೆ, ಹಾಗೇ ಉಪವಾಸ ಇರುತ್ತಾಳೆ. ನರ ಅಷ್ಟು ದಿನ ತಾಳಲೂಬಹುದು. ಒಂದು ಬೆಳಿಗ್ಗೆ ಪಾದ ಏಳದೆಯೂ ಇರಬಹುದು.

ಜುಲೈ ೧೮

ಅಮ್ಮನನ್ನು ಕೇಳಿದೆ. ನೆನೆಸಿದ ಅವರೆಕಾಳು ಹಿಸುಕುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು: "ಹೇಳಿದ್ರೆ ಅವಳು ನಿನ್ನ ಮಾತಾಡಿಸಲ್ಲ. ಹೇಳದೇ ಇದ್ರೆ ನೀನು ಅವಳನ್ನ ಮಾತಾಡಿಸೋಕೆ ಆಗಲ್ಲ. ಯಾವುದು ವಾಸಿ ನೋಡ್ಕೋ."

ಅಮ್ಮನಿಗೆ ಇಷ್ಟು ಮಾತು ಬರುತ್ತದೆಂದು ಗೊತ್ತಿರಲಿಲ್ಲ. ಇಷ್ಟು ದಿನ ಕಾಲಿನ ವಿಷಯ ಬಿಟ್ಟು ಬೇರೆ ಏನನ್ನೂ ನಾನು ಅವಳ ಹತ್ತಿರ ಆಡಿಲ್ಲ.

ಜುಲೈ ೧೯, ಶುಕ್ರವಾರ

ಹೇಳಿದೆ.

ಎಲ್ಲರೂ ಹೋದ ಮೇಲೆ ಕೀರ್ತಿ ಚಾಪೆ ಸುತ್ತುತ್ತಿದ್ದಳು. ಎಡಗಾಲು ಯಾವಾಗಿನಿಂದ ಹೀಗಿದೆ ಎಂದು ಕೇಳಿದೆ. ಹೇಗಿದೆ ಎಂದಳು. ಚಪ್ಪಲಿಯ ಮಾತೆತ್ತಿದೆ. ಅದಕ್ಕೇನೀಗ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳ ಕಣ್ಣು ಒಂದು ಸಲ ಕಾಲಿನ ಕಡೆ ಹೋಗಿ ಬಂತು. ಡಾಕ್ಟರು ನನಗೆ ಹೇಳಿದ್ದನ್ನೆಲ್ಲ ಹೇಳಿದೆ, ನರ, ತೂಕ, ಮಂಡಿ ಮಡಚಿ ಕೂರುವುದು. ಬೇಗ ನಿಲ್ಲಿಸಿದರೆ ಬೇಗ ಸರಿಹೋಗುತ್ತದೆ ಎಂದೂ ಹೇಳಿದೆ.

"ಇನ್ನೇನ್ ಒಂದ್ ವಾರ ಶರಣ್ಯಾ. ಆಮೇಕೆ ನೋಡ್ಕೊಂಡ್ರಾಯ್ತು, ಬುಟ್ಬುಡು."

ಬಿಡಲ್ಲ ಎಂದೆ.

ಚಾಪೆ ಕೆಳಗೆ ಹಾಕಿದಳು. "ನಿಂಗಾಗ್ಲಿಲ್ಲ ಅಂತ ನಂಗೂ ಆಗ್ಬಾರ್ದು. ಅಷ್ಟೇ ತಾನೇ? ನಿಂಗೇನ್ ಕಣೆ, ನೀನು ಗೆದ್ರೆ ದೊಡ್ಡಮ್ಮನ ಮನೇಲಿ ಹೊಗಳ್ತಾರೆ. ನಂಗೆ ಅಂಗಲ್ಲ."

ಇದಕ್ಕೆ ತಯಾರಾಗಿಯೇ ಹೋಗಿದ್ದೆ. ಆದರೂ ತುಂಬ ದಿನದ ಮೇಲೆ ಏನೋ ಒಂದು ನೋಯಿತು. ಅವಳು ಹೇಳಿದ್ದರಲ್ಲಿ ಅರ್ಧ ನಿಜ, ಅದಕ್ಕೇ ನೋಯಿತು.

ಮಾತು ಸಾಕೆನ್ನಿಸಿತು. ಕಾಲಿಗೆ ಕಟ್ಟಿದ್ದ ಆಸರೆಯ ಪಟ್ಟಿ ಬಿಚ್ಚಿ, ಬರಿಗಾಲಲ್ಲಿ ಹಾಲಿನ ಈ ತುದಿಯಿಂದ ಆ ತುದಿಗೆ ಹಿಮ್ಮಡಿಯ ಮೇಲೆ ನಡೆದೆ. ಎಡಪಾದ ಪಟ್ ಪಟ್ ಎಂದು ನೆಲಕ್ಕೆ ಬಡಿಯಿತು. ಇಷ್ಟು ದಿನ ಯಾರೆದುರೂ ಹಾಗೆ ನಡೆದಿರಲಿಲ್ಲ. ಈಗ ನೀನು ನಡಿ ಎಂದೆ. ನಿನ್ನದು ನಿಂತರೆ ಈ ಮಾತು ಇನ್ನು ಎತ್ತುವುದಿಲ್ಲ ಎಂದೆ.

ರೇಗಿಕೊಂಡೇ ನಡೆದಳು. ಬಲಗಾಲು ಗಟ್ಟಿಯಾಗಿ ನಿಂತಿತು. ಎಡದ ಮುಂಗಾಲು ಮೇಲೆದ್ದಿತು, ಆದರೆ ನಿಲ್ಲಲಿಲ್ಲ. ನಿದ್ದೆ ಹತ್ತಿದ ಮಗುವಿನ ತಲೆಯ ಹಾಗೆ ಮೆಲ್ಲಗೆ ಕೆಳಗೆ ಬಂತು. ಮತ್ತೆ ನಡೆದಳು. ಮತ್ತೆ ಬಂತು. ಕನ್ನಡಿಯ ಮುಂದೆ ನಿಂತು ಕಾಲನ್ನೇ ನೋಡಿದಳು. ನನ್ನ ಕಡೆ ನೋಡಲಿಲ್ಲ.

ಬ್ಯಾಗ್ ತಗೊಂಡು ಇಳಿದು ಹೋದಳು. ಚಪ್ಪಲಿ ಕೈಯಲ್ಲಿತ್ತು.

ಜುಲೈ ೨೧

ಸರ್‌ಗೆ ಅವಳೇ ಹೇಳಿದಳಂತೆ. ನಾನು ಹೇಳಬೇಕಾಗಿ ಬರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ಅದೇ ನರ, ಅದೇ ಜಾಗ ಎಂದಿದ್ದಾರೆ. ನನ್ನಷ್ಟು ಆಗಿಲ್ಲ. ಆರು ವಾರ ಮಂಡಿ ಮಡಚುವಂತಿಲ್ಲ. ಆಯ್ಕೆಯ ಪಟ್ಟಿಯಿಂದ ಜೋಡಿಯ ಹೆಸರು ವಾಪಸ್ಸು ತೆಗೆದುಕೊಂಡರು.

ಸಿಂಚನಾ ಫೋನಿನಲ್ಲಿ ಬಹಳ ಅತ್ತಳು. ನಿನಗಿನ್ನೂ ವಯಸ್ಸಿದೆ, ಮುಂದಿನ ವರ್ಷ ಇದೆ ಎಂದೆ. ಹೇಳಿದ ಮೇಲೆ, ಹಾಗೆ ಹೇಳಲಾಗದವಳ ನೆನಪಾಯಿತು. ಕೀರ್ತಿಗೆ ಫೋನ್ ಮಾಡಿದೆ. ರಿಂಗಾಗಿ ನಿಂತಿತು.

ಜುಲೈ ೨೮, ಭಾನುವಾರ

ಇವತ್ತು ಆಯ್ಕೆ ಇತ್ತು.

ಜುಲೈ ೩೦

ಸಿದ್ದಲಿಂಗಮ್ಮನವರು ಸಿಕ್ಕಿದ್ದರು, ಫಿಸಿಯೋಥೆರಪಿಯಲ್ಲಿ. ಕೀರ್ತಿ ಒಳಗೆ ಮಂಚದ ಮೇಲೆ ಇದ್ದಳು. ಅವಳ ಕಾಲಿಗೂ ಕರೆಂಟ್. ಪಕ್ಕದ ಮಂಚ ನನ್ನದು, ನಡುವೆ ಹಸಿರು ಪರದೆ. ಪರದೆಯ ಆ ಕಡೆ ಅವಳು ಉಸಿರಾಡುವುದು ಕೇಳುತ್ತಿತ್ತು. ಮಾತಾಡಲಿಲ್ಲ. ನಾನೂ ಆಡಲಿಲ್ಲ, ಏನು ಆಡಿದರೂ ತಪ್ಪಾಗುತ್ತಿತ್ತು.

ಹೊರಗೆ ಬಂದಾಗ ಸಿದ್ದಲಿಂಗಮ್ಮನವರು ನನ್ನ ಕೈ ಹಿಡಿದುಕೊಂಡು, ಊಟ ಮಾಡ್ತಾವ್ಳೆ ಕಣವ್ವ ಈಗ ಎಂದರು. ಅಷ್ಟೇ. ಮನೆಗೆ ಬಂದು ಅಮ್ಮನ ಹತ್ತಿರ ಅದನ್ನು ಹೇಳುವಾಗ ನನಗೆ ಅಳು ಬಂತು. ಅಮ್ಮ ಅನ್ನ ಬಡಿಸಿದಳು. ಉಂಡೆ. ಎರಡನೇ ಸಲವೂ ಹಾಕಿಸಿಕೊಂಡೆ.

ಆಗಸ್ಟ್ ೬

ಚಿಕ್ಕಬಸವಯ್ಯನವರು ಡಿಪೋದಲ್ಲಿ ಯಾರ ಹತ್ತಿರವೂ ಮಗಳ ಕೆಲಸದ ಮಾತು ಎತ್ತುತ್ತಿಲ್ಲವಂತೆ. ಅದನ್ನು ಸಿಂಚನಾ ಹೇಳಿದಳು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಕೀರ್ತಿ ಪರದೆಯ ಆ ಕಡೆ, ನಾನು ಈ ಕಡೆ. ಅವಳ ಪಾದ ಈಗ ಎದ್ದು ನಿಲ್ಲುತ್ತಿದೆಯಂತೆ, ರವಿಚಂದ್ರ ಆ ಕಡೆ ಭೇಷ್ ಎಂದದ್ದು ಕೇಳಿಸಿತು. ನನಗೆ ಸಂತೋಷವಾಯಿತು. ನಾಚಿಕೆಯೂ ಆಯಿತು, ಏಕೆಂದು ಸರಿಯಾಗಿ ಗೊತ್ತಿಲ್ಲ.

ಆಗಸ್ಟ್ ೧೮, ಭಾನುವಾರ

ಸರ್ ಎಲ್ಲರನ್ನೂ ಕರೆಸಿದ್ದರು, ಚಿಕ್ಕ ಮಕ್ಕಳ ಬ್ಯಾಚನ್ನೂ ಸೇರಿಸಿ. ಹಾಲ್ ತುಂಬಿತ್ತು. ಎಲ್ಲರೂ ಎಂದಿನಂತೆ ವಜ್ರಾಸನದಲ್ಲಿ. ನನ್ನ ಕುರ್ಚಿ ಇರಲಿಲ್ಲ, ಯಾರೋ ಕೆಳಗೆ ತೆಗೆದುಕೊಂಡು ಹೋಗಿದ್ದರು. ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತೆ. ಕೀರ್ತಿ ಆಗಲೇ ಅಲ್ಲಿ ನಿಂತಿದ್ದಳು, ಅವಳೂ ಮಡಚಿ ಕೂರುವಂತಿಲ್ಲವಲ್ಲ. ಸ್ವಲ್ಪ ಸರಿದು ಜಾಗ ಕೊಟ್ಟಳು. ಮುಖ ಮುಂದಕ್ಕೇ ಇತ್ತು.

ಸರ್ ಗುರುಗಳ ಫೋಟೋಗೆ ನಮಸ್ಕಾರ ಮಾಡಿದರು. ಆಮೇಲೆ ನಮ್ಮ ಕಡೆ ತಿರುಗಿ ಕೂತು, ಪಂಚೆ ಸರಿಮಾಡಿಕೊಂಡು, ಎರಡೂ ಕಾಲನ್ನು ನಮ್ಮೆದುರು ಚಾಚಿದರು. ಅವರ ಪಾದ ಮುಟ್ಟಿ ಎಷ್ಟೋ ಸಲ ನಮಸ್ಕಾರ ಮಾಡಿದ್ದೇನೆ. ಅಂಗಾಲು ನೋಡಿದ್ದು ಇದೇ ಮೊದಲು. ಒಡೆದು ಬಿರುಕು ಬಿಟ್ಟಿತ್ತು.

"ಕಾಲು ಚಾಚಿ ಎಲ್ಲರೂ," ಎಂದರು.

ಯಾರೂ ಅಲ್ಲಾಡಲಿಲ್ಲ. ಎದುರಿಗೆ ಸರ್, ಹಿಂದೆ ಫೋಟೋ.

"ಜೋಮು ಬಂದ್ರೆ ಕೂತಿರಿ ಅಂತ ನಿಮಗೆ ಹೇಳಿಕೊಟ್ಟೋನು ನಾನೇ. ನನಗೆ ಹೇಳಿಕೊಟ್ಟಿದ್ದೂ ಹಾಗೇ. ಅದು ತಪ್ಪು. ಇನ್ಮೇಲೆ ಜೋಮು ಬಂತು ಅಂದ ತಕ್ಷಣ ಕಾಲು ಚಾಚಬೇಕು, ನಾನು ಮಾತಾಡ್ತಾ ಇದ್ರೂ ಸರಿ, ದೇವರೇ ಬಂದು ಮಾತಾಡ್ತಾ ಇದ್ರೂ ಸರಿ."  ಬಾಗಿಲ ಕಡೆ ನೋಡಿ, ನೀವಿಬ್ಬರೂ ಮುಂದೆ ಬನ್ನಿ, ಮೊದಲು ನೀವು ಚಾಚಿ ಎಂದರು.

ಹೋದೆವು. ಮಕ್ಕಳು ದಾರಿ ಬಿಟ್ಟರು. ಸರ್ ಎದುರಿಗೇ ಪಕ್ಕ ಪಕ್ಕ ಕೂತು ಕಾಲು ಚಾಚಿದೆವು. ಎಂಥ ಮುಜುಗರ ಎಂದರೆ ನಾನು ತಲೆ ಎತ್ತಲಿಲ್ಲ, ಮಡಿಲಲ್ಲಿ ಕೈ ಇಟ್ಟುಕೊಂಡು ಕೈಯನ್ನೇ ನೋಡುತ್ತಿದ್ದೆ. ಹಿಂದೆ ಒಬ್ಬೊಬ್ಬರೇ ಕಾಲು ಚಾಚುವ ಸದ್ದು, ಮಕ್ಕಳ ಕಿಸಿಕಿಸಿ ನಗು. ಸರ್ ಉಸಿರು ಎಳೆದುಕೊಳ್ಳಲು ಹೇಳಿದರು. ಎಳೆದುಕೊಂಡೆ. ಬಿಡುವಾಗ ಅರ್ಧಕ್ಕೆ ನಿಲ್ಲಿಸಿದೆ, ಅಭ್ಯಾಸಬಲ. ಪಕ್ಕದಲ್ಲಿ ಕೀರ್ತಿಯೂ ಅಲ್ಲೇ ನಿಲ್ಲಿಸಿದ್ದಳು. ಪಾದ ನಿಮ್ಮ ಕಡೆ ಎಳೆದುಕೊಳ್ಳಿ ಎಂದರು ಸರ್. ನನ್ನದು ಬರುವುದಿಲ್ಲವೆಂದು ಗೊತ್ತಿದ್ದರೂ ಎಳೆದೆ.

ಕೀರ್ತಿ ಮೊಣಕೈಯಿಂದ ತಿವಿದಳು. ಜುಲೈ ಹತ್ತೊಂಬತ್ತರಿಂದ ಅವಳು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ.

"ನಿನ್ ಹೆಬ್ಬೆಟ್ಟು ಅಲ್ಲಾಡ್ತು ಕಣೆ," ಎಂದಳು. "ನೋಡ್ಕೋ."

ನಾನು ಅವಳ ಮುಖ ನೋಡುತ್ತಿದ್ದೆ.